ಬೀಗರ ಎಸಿ

ನಮ್ಮ ಕಾರಿನಲ್ಲಿ ಎಸಿ ಇತ್ತು. ಇದು ಕಾರು ಮಾರಿದವರಿಗೆ ಗೊತ್ತಿತ್ತು, ಚಿಂಚೋಳಿಯ ನಮ್ಮ ಬೀಗರಿಗೆ ಗೊತ್ತಿತ್ತು; ದಿನಾ ಅದರಲ್ಲಿ ಕೂತು ಓಡಾಡುವ ನನಗೆ ಮಾತ್ರ ಅದು ಕೇಳಿ ತಿಳಿದ ಸುದ್ದಿ. ಕಾರು ಬಂದು ನಾಲ್ಕನೇ ಬೇಸಿಗೆ ಬಂದರೂ ಸೀಟಿನ ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ. ಎಸಿ ಗುಂಡಿಯ ಮೇಲೆ ಶೋರೂಮಿನಿಂದ ಬಂದ ತೆಳ್ಳನೆಯ ಪೊರೆ ಹಾಗೇ ಅಂಟಿಕೊಂಡಿತ್ತು. ಅದರ ಒಂದು ಮೂಲೆ ಎದ್ದಿತ್ತು. ಅದನ್ನು ಕಿತ್ತು ಬಿಸಾಡಲು ನನ್ನ ಉಗುರು ತುರಿಸುತ್ತಿತ್ತು, ಆದರೆ ನನ್ನ ಕೈ ಆ ಕಡೆ ಹೋದರೆ ಸಾಕು, ನಮ್ಮ ಮನೆಯವರಿಗೆ ಕೆಮ್ಮು ಬರುತ್ತಿತ್ತು.

ನಮ್ಮ ಮನೆಯವರೆಂದರೆ ನನ್ನ ಗಂಡ. ವಾಡಿಯ ಸಿಮೆಂಟ್ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಸುಣ್ಣದ ಕಲ್ಲಿನ ಪುಡಿ ತೂಗುತ್ತ ತೂಗುತ್ತ ನಿವೃತ್ತರಾದವರು. ವಸ್ತುಗಳು ಇರುವುದು ಬಳಸುವುದಕ್ಕಲ್ಲ, ಇಡುವುದಕ್ಕೆ ಎಂಬ ತೀರ್ಮಾನಕ್ಕೆ ಯಾವಾಗಲೋ ಬಂದುಬಿಟ್ಟಿದ್ದರು. ನಾನು ದಂಡೋತಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ದಿನಾ ಬೆಳಿಗ್ಗೆ ಸೇಡಂನಿಂದ ಅವರೇ ನನ್ನನ್ನು ಕಾರಿನಲ್ಲಿ ಬಿಟ್ಟು, ಸಂಜೆ ಬಂದು ಕರೆದೊಯ್ಯುತ್ತಾರೆ. "ಎಂಥಾ ಗಂಡ ಸಿಕ್ಕಾರವ್ವ ನಿನಗ" ಎಂದು ನೋಡಿದವರು ಹೇಳುತ್ತಾರೆ. ಹೌದವ್ವ, ಸಿಕ್ಕಿದ್ದಾರೆ. ಕಿಟಕಿ ಇಳಿಸಿದರೆ ಕಲ್ಲಿನ ಲಾರಿಗಳ ಧೂಳು, ಏರಿಸಿದರೆ ಒಳಗೆ ಕುದಿ, ಕೆಳಗೆ ಪ್ಲಾಸ್ಟಿಕ್. ಶಾಲೆ ಮುಟ್ಟುವ ಹೊತ್ತಿಗೆ ನನ್ನ ಸೀರೆ ಬೆನ್ನಿಗೆ ಅಂಟಿ, ಇಳಿಯುವಾಗ ಚರ್ ಎಂದು ಸದ್ದಾಗುತ್ತಿತ್ತು.

ಇದನ್ನೆಲ್ಲ ಮೂರು ಬೇಸಿಗೆ ಸಹಿಸಿದೆ. ನಾಲ್ಕನೆಯದಕ್ಕೆ ಆಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಐವತ್ತು ದಾಟಿ, ಮುಟ್ಟು ನಿಲ್ಲುವ ಕಾಲಕ್ಕೆ ನನ್ನ ಮೈಯೊಳಗೇ ಒಂದು ಒಲೆ ಹೊತ್ತಿಕೊಂಡಿತ್ತು. ಹೇಳದೆ ಕೇಳದೆ ಎದೆಯಿಂದ ಬೆಂಕಿ ಏಳುವುದು, ಕುತ್ತಿಗೆ, ಕಿವಿ, ಮುಖ ಎಲ್ಲ ಕೆಂಪಾಗುವುದು, ಬೆವರು ಸುರಿಯುವುದು. ತರಗತಿಯಲ್ಲಿ ಹೀಗಾದಾಗ ಮಕ್ಕಳು ನನಗೆ ಸಿಟ್ಟು ಬಂದಿದೆ ಎಂದು ತಿಳಿದು ಗಪ್ಪಾಗುತ್ತಿದ್ದರು. ನನ್ನ ಕ್ಲಾಸಿನಲ್ಲಿ ಶಿಸ್ತು ಭಾಳ ಸುಧಾರಿಸಿದೆ ಎಂದು ಹೆಡ್‌ಮಾಸ್ತರರು ಮೀಟಿಂಗಿನಲ್ಲಿ ಹೊಗಳಿದರು. ಡಾಕ್ಟರಮ್ಮ ಮಾತ್ರ, ಆದಷ್ಟು ತಂಪಿನಲ್ಲಿರಿ ಎಂದರು. ಕಲಬುರಗಿ ಸೀಮೆಯಲ್ಲಿ, ಮಾರ್ಚ್ ತಿಂಗಳಲ್ಲಿ, ತಂಪಿನಲ್ಲಿರಿ!

ಒಂದು ಸಂಜೆ ಶಾಲೆಯಿಂದ ಬರುವಾಗ, ಕಾಗಿಣಾ ಸೇತುವೆಯ ಮೇಲೆ ಒಲೆ ಹೊತ್ತಿತು.

"ನೋಡ್ರಿಲ್ಲಿ, ಮೈಯೆಲ್ಲ ಉರೀಲಿಕತ್ತದ. ಜರಾ ಎಸಿ ಹಾಕ್ರಿ" ಎಂದೆ.

"ಈಗೆದಕ? ಮನಿ ಬಂತಲ್ಲ" ಎಂದರು. ಸೇಡಂ ಇನ್ನೂ ಎಲ್ಲಿತ್ತೋ.

"ಎದಕ ಅಂದ್ರ? ಇರೂದು ಹಾಕ್ಲಿಕ್ಕೇ ಅಲ್ಲೇನ್ರಿ?"

"ಹಾಕಿ ಹಾಕಿ ಕೆಡ್ಸಿಟ್ರ, ನಾಳಿ ಬೀಗರು ಬಂದಾಗ ಮಾರಿ ಎಲ್ಲಿ ಇಡೋದು?"

ನಮ್ಮ ಕಡೆಯ ಮನೆಗಳಲ್ಲಿ ಎರಡು ಸಂಸಾರಗಳಿರುತ್ತವೆ: ಒಂದು ನಮ್ಮದು, ಇನ್ನೊಂದು ಬೀಗರದು. ಬೀಗರ ತಾಟು, ಬೀಗರ ಕಪ್ಪು-ಬಸಿ, ಬೀಗರು ಬಂದರೆ ಹೊದೆಯಲು ಟ್ರಂಕಿನಲ್ಲಿಟ್ಟ ಸೊಲ್ಲಾಪುರದ ಚಾದರ. ಮನೆಯವರು ಸೊಟ್ಟ ತಾಟಿನಲ್ಲಿ ಉಂಡು, ಹರಿದ ಕೌದಿ ಹೊದ್ದು, ಹೊಳೆಯುವುದನ್ನೆಲ್ಲ ಆ ಪುಣ್ಯಾತ್ಮರಿಗಾಗಿ ಕಾಯುತ್ತಾರೆ. ಸರಿ, ತಾಟಿಗೇನು ಧಗೆಯಾಗುತ್ತದೆಯೇ, ಇರಲಿ. ಆದರೆ ಗಾಳಿಯನ್ನೂ ಬೀಗರಿಗೆಂದು ಎತ್ತಿಡುವುದನ್ನು ನಾನು ಮೊದಲ ಸಲ ನೋಡಿದ್ದು ನಮ್ಮ ಕಾರಿನಲ್ಲಿ.

ನಮ್ಮ ಬೀಗರೆಂದರೆ ಮಗಳ ಅತ್ತೆ-ಮಾವ. ಮಗಳು-ಅಳಿಯ ಕಲಬುರಗಿಯಲ್ಲಿ ಇಬ್ಬರೂ ನೌಕರಿಯವರು, ಬೀಗರಿಬ್ಬರೇ ಚಿಂಚೋಳಿಯಲ್ಲಿ. ಅವರಿಗೂ ಒಂದು ಕಾರಿದೆ. ಹಿಂದಿನ ಸಲ ಹೋದಾಗ ಅದರಲ್ಲೇ ನಮ್ಮನ್ನು ಚಂದ್ರಂಪಳ್ಳಿ ಡ್ಯಾಮಿಗೆ ಕರೆದೊಯ್ದಿದ್ದರು. ಏನು ಎಸಿ ಅದು! ನಾನು ಸೆರಗು ಹೊದ್ದು ಕೂತಿದ್ದೆ. ಪಕ್ಕದಲ್ಲಿ ಬೀಗಿತ್ತಿ ಕಣ್ಣು ಮುಚ್ಚಿಕೊಂಡು ತಣ್ಣಗೆ ಕೂತಿದ್ದರು. ಪುಣ್ಯವಂತೆ ಎಂದು ಹೊಟ್ಟೆಕಿಚ್ಚಾಯಿತು. ನನ್ನದು ಆಗಲೇ ಉರಿಯುವ ಹೊಟ್ಟೆ, ಅದರಲ್ಲಿ ಇದೂ ಒಂದು.

ನೀವೇ ಒತ್ತಬಹುದಿತ್ತಲ್ಲ ಎಂದು ಕೇಳಬೇಡಿ. ಒಮ್ಮೆ ಒತ್ತಿದೆ. ಅವರು ಗಾಡಿಯನ್ನು ಕಲ್ಲಿನ ಪಾಲಿಶ್ ಫ್ಯಾಕ್ಟರಿಯ ಮುಂದೆ ಬದಿಗೆ ಹಚ್ಚಿ, ಇಂಜಿನ್ ಆರಿಸಿ, ಪೆಟ್ರೋಲು, ಇಂಜಿನ್ನಿನ ಭಾರ, ಬೆಲ್ಟಿನ ಸವೆತ ಎಂದು ಉಪನ್ಯಾಸ ಕೊಟ್ಟರು. ಆ ಬಿಸಿಲಿನಲ್ಲಿ, ನಿಂತ ಗಾಡಿಯಲ್ಲಿ. ಅದೂ ಅಲ್ಲದೆ ನನಗೆ ಬೇಕಾಗಿದ್ದು ಬರೀ ತಂಪಲ್ಲ. ನನ್ನ ಮೈ ಉರಿಯುತ್ತಿದೆ ಎಂಬುದು ಅವರ ಕಣ್ಣಿಗೆ ಬಿದ್ದು, ಅವರ ಕೈ ತಾನಾಗಿ ಆ ಗುಂಡಿಗೆ ಹೋಗಬೇಕಿತ್ತು. ಒಂದೇ ಒಂದು ಸಲ, ಗಾಡಿಯಲ್ಲಿ ಬೀಗರಿಲ್ಲದಾಗ. ಅಷ್ಟಾದರೆ ಮುಂದಿನ ಬೇಸಿಗೆಗಳನ್ನು ನಾನು ಹೇಗೋ ಕಳೆಯುತ್ತಿದ್ದೆ.

ಅದೇ ತಿಂಗಳು ನಾವು ಮನೆಯ ಮೇಲೆ ಎರಡು ಕೋಣೆ ಕಟ್ಟಿಸಿದ್ದೆವು. ವಾಸ್ತುಶಾಂತಿಗೆ ಬೀಗರನ್ನು ಕರೆಯಬೇಕು. ಕರೆಯುವುದೆಂದರೆ ಫೋನು ಮಾಡುವುದಲ್ಲ, ಗಾಡಿ ತೆಗೆದುಕೊಂಡು ಹೋಗಿ, ಮರ್ಯಾದೆಯಿಂದ ಕೂರಿಸಿಕೊಂಡು ಬಂದು, ಮರ್ಯಾದೆಯಿಂದ ತಿರುಗಿ ಬಿಟ್ಟುಬರುವುದು. ಎರಡು ವಾರ ಮುಂಚೆ ನಮ್ಮ ಮನೆಯವರು ಅಂಗಳದಲ್ಲಿ ಎಸಿ ಪರೀಕ್ಷೆ ಮಾಡಿದರು. ಗುಂಡಿ ಒತ್ತಿದರೆ ಬುಸ್ ಎಂದು ಬಿಸಿ ಗಾಳಿ. ಮತ್ತೊಮ್ಮೆ ಒತ್ತಿದರು, ಇನ್ನೂ ಬಿಸಿ. ಇಳಿದು ಬಂದು ಕಟ್ಟೆಯ ಮೇಲೆ ಕೂತವರ ಮುಖ ನೋಡಲಾಗಲಿಲ್ಲ. ನಾನು ಒಂದು ತಿಂಗಳು ಬೆವತರೂ ಬೆವರದ ಮನುಷ್ಯ ಒಂದೇ ನಿಮಿಷದಲ್ಲಿ ಬೆವತುಬಿಟ್ಟರು.

"ಬೀಗರ ಮುಂದ ಮಾನ ಹೋಗ್ತದ" ಎಂದರು. ಆ ರಾತ್ರಿ ರೊಟ್ಟಿ ಅರ್ಧಕ್ಕೇ ಬಿಟ್ಟೆದ್ದರು.

ಭಾನುವಾರ ಬೆಳಿಗ್ಗೆಯೇ ಚಿತ್ತಾಪುರ, ವಾಡಿ ದಾಟಿ ಶಹಾಬಾದಿಗೆ ಹೊರಟೆವು. ಫ್ಯಾಕ್ಟರಿ ಸಾಹೇಬರ ಗಾಡಿಗಳಿಗೆಲ್ಲ ಎಸಿ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಒಬ್ಬ ಅಲ್ಲಿದ್ದಾನೆ, ಅವನ ಹೊರತು ಬೇರೆಯವರ ಕೈಗೆ ಕೊಡುವುದಿಲ್ಲ ಎಂದು ಹಟ. ನಾನೂ ಹೋದೆ. ಮನೆಯ ಎಲ್ಲ ಸಂಕಟಗಳಿಗೂ ಮೂಲವಾದ ಆ ವಸ್ತುವಿನ ಹೊಟ್ಟೆಯೊಳಗೆ ಏನಿದೆ ಎಂದು ಒಮ್ಮೆ ನೋಡಬೇಕಿತ್ತು.

ಮೆಕ್ಯಾನಿಕ್ ದೊಡ್ಡ ಮಾತಿನವನು. ಕಿವಿ ಮತ್ತು ಹೆಗಲಿನ ನಡುವೆ ಫೋನು ಸಿಕ್ಕಿಸಿಕೊಂಡೇ ಬಾನೆಟ್ಟು ಎತ್ತಿದ. ಇಂಜಿನ್ನಿನ ಪಕ್ಕದಲ್ಲಿ ತೆಂಗಿನಕಾಯಿ ಗಾತ್ರದ ಒಂದು ಕಬ್ಬಿಣದ ಗಡ್ಡೆ ತೋರಿಸಿ, ಇದೇ ಕಂಪ್ರೆಸರ್ ಎಂದ. ಅದರ ಮೂತಿಯ ಸುತ್ತ ಜಿಡ್ಡು; ಜಿಡ್ಡಿನ ಮೇಲೆ ಸಿಮೆಂಟಿನ ಧೂಳು ಕೂತು ಹೊಲಸು ಗಟ್ಟಿಯಾಗಿತ್ತು. ಬೆರಳಿನಿಂದ ಒರೆಸಿ ನಮ್ಮ ಮನೆಯವರ ಮೂಗಿನ ಮುಂದೆ ಹಿಡಿದ.

"ಎಣ್ಣಿ ಹೊರಗ ಬಂದದ ನೋಡ್ರಿ ಸರ್ರ. ಕಡೀಕ ಯಾವಾಗ ಹಾಕಿದ್ರಿ ಎಸಿ?"

"ದೀಪಾವಳಿಗೆ. ಬೀಗರು ಬಂದಿದ್ರು."

"ಅದರ ಮೊದಲ?"

"ಅದರ ಹಿಂದಿನ ದೀಪಾವಳಿಗೆ."

ಮೆಕ್ಯಾನಿಕ್ ಫೋನಿನವನಿಗೆ ಆಮೇಲೆ ಮಾಡುತ್ತೇನೆಂದು ಹೇಳಿ, ಹಳೇ ಟೈರಿನ ಮೇಲೆ ಕೂತು ನಕ್ಕ. "ಅರೆರೆರೆ, ಇಟ್ಟಿಟ್ಟೇ ಕೊಂದ್ರಿ ಬಿಡ್ರಿ ಗಾಡೀನ! ಈ ಎಣ್ಣಿ ಗ್ಯಾಸಿನ ಕೂಡ ತಿರಗ್ತದ್ರಿ. ಎಸಿ ಹಾಕಿದ್ರ ಎಣ್ಣಿ ಎಲ್ಲಾ ಕಡಿ ಹೋಗಿ ಬರ್ತದ, ಈ ಮೂತ್ಯಾಗಿನ ರಬ್ಬರ್ ಸೀಲ್ ಹಸಿ ಇರ್ತದ. ಹಾಕ್ಲಿಲ್ಲ ಅಂದ್ರ ಎಣ್ಣಿ ತಳಕ್ಕ ಹೋಗಿ ಕುಂದರ್ತದ, ಸೀಲ್ ಒಣಗಿ ಬಿರೀತದ. ಅಲ್ಲಿಂದ ಗ್ಯಾಸ್ ಹೋತು. ಹೋಗೂಮುಂದ ಎಣ್ಣೀನೂ ಕರ್ಕೊಂಡು ಹೋತು."

ನಾನು ಯಂತ್ರದ ಮಾತನ್ನು ಅಷ್ಟು ಭಕ್ತಿಯಿಂದ ಎಂದೂ ಕೇಳಿರಲಿಲ್ಲ. "ಇನ್ನೊಮ್ಮೆ ಹೇಳ್ರಿ, ಅವರಿಗೆ ಕೇಳಿಸಿಲ್ಲ" ಎಂದೆ. ಅವನು ಇನ್ನೂ ಜೋರಾಗಿ ಹೇಳಿದ.

ನಮ್ಮ ಮನೆಯವರು ಚೀಲದಿಂದ ಒಂದು ಶೀಶೆ ತೆಗೆದರು. ನೋಡಿದರೆ ನನ್ನ ಹೊಲಿಗೆ ಮಷೀನಿನ ಎಣ್ಣೆ! ಎಣ್ಣೆ ಬೇಕಾದರೆ ಇರಲಿ ಎಂದು ಮನೆಯಿಂದಲೇ ತಂದಿದ್ದರಂತೆ. ಮೆಕ್ಯಾನಿಕ್ ಅದನ್ನು ಮೂಸಿ ನೋಡಿ ನನ್ನ ಕೈಗೆ ಕೊಟ್ಟ. ಪ್ರತಿ ಕಂಪ್ರೆಸರಿಗೂ ಅದರದೇ ಎಣ್ಣೆ, ಅದರ ಚೀಟಿಯ ಮೇಲೆ ಬರೆದಿರುತ್ತದೆ, ಬೇರೆಯದು ಬಿದ್ದರೆ ಒಳಗೆಲ್ಲ ಕೆಟ್ಟು ಕೂಡುತ್ತದೆ ಎಂದು ಮತ್ತೊಂದು ಭಾಷಣ. ಅವನ ಎಣ್ಣೆ ಗಾಳಿಯಲ್ಲಿನ ಪಸೆಯನ್ನು ಕುಡಿಯುತ್ತದಂತೆ, ಅದಕ್ಕೇ ಹೊಸ ಡಬ್ಬಿಯನ್ನು ನಮ್ಮ ಕಣ್ಣೆದುರಿಗೇ ಒಡೆದ. ಕಂಪ್ರೆಸರ್ ಬಿಚ್ಚಿ, ಉಳಿದಿದ್ದ ಕರೀ ಎಣ್ಣೆ ಬಗ್ಗಿಸಿ, ಹೊಸ ಸೀಲು ಕೂಡಿಸಿ, ಕೂಸಿಗೆ ಔಷಧ ಅಳೆಯುವ ಹಾಗೆ ಸಣ್ಣ ಅಳತೆಯಲ್ಲಿ ಎಣ್ಣೆ ಹಾಕಿದ.

"ಇನ್ನೊಂದು ಜರಾ ಹಾಕ್ರಲ್ಲ" ಎಂದರು ನಮ್ಮ ಮನೆಯವರು, ಪಂಕ್ತಿಯಲ್ಲಿ ನಿಂತು ಬೀಗರಿಗೆ ತುಪ್ಪ ಬಡಿಸುವವರ ದನಿಯಲ್ಲಿ.

"ಹೆಚ್ಚಾದ್ರ ಪೈಪಿನಾಗ ಎಣ್ಣೀನೇ ತುಂಬ್ಕೊಂಡು ತಂಪು ಬರೂದಿಲ್ರಿ. ಸುಮ್ ಕುಂದ್ರಿ ಸರ್ರ."

ಸುಮ್ಮನೆ ಕೂತೆವು. ಒಂದು ಪಂಪು ಹಚ್ಚಿ ಪೈಪಿನೊಳಗಿನ ಗಾಳಿಯನ್ನೆಲ್ಲ ಎಳೆಯುತ್ತ ಬಿಟ್ಟ. ಅದು ಗುರ್ ಎನ್ನುತ್ತಲೇ ಇತ್ತು. ಅಷ್ಟರಲ್ಲಿ ಗಾಡಿಯ ಮೂತಿಯಲ್ಲಿರುವ ಕಂಡೆನ್ಸರ್ ಎಂಬ ಜಾಳಿಗೆ ನೀರು ಹೊಡೆದು ಧೂಳು ಇಳಿಸಿದ. ಆಮೇಲೆ ತೂಕ ಮಾಡಿ ಗ್ಯಾಸು ತುಂಬಿ, ಇಂಜಿನ್ ಚಾಲೂ ಮಾಡಿ ಗುಂಡಿ ಒತ್ತಿದ. ಮುಂದಿನಿಂದ ಟಕ್ ಎಂದು ಸದ್ದು ಬಂತು. "ಟಕ್ ಅಂದ್ರ ಕಂಪ್ರೆಸರ್ ಹಿಡೀತು ಅಂತ ತಿಳೀರಿ" ಎಂದ. ಗಾಳಿ ತಣ್ಣಗೆ ಬರತೊಡಗಿತು. ನಮ್ಮ ಮನೆಯವರ ಮುಖಕ್ಕೆ ಜೀವ ಬಂತು.

"ಇನ್ನ ಮ್ಯಾಲಿಂದ, ಬ್ಯಾಸಗಿ ಇರ್ಲಿ ಛಳಿ ಇರ್ಲಿ, ವಾರಕ್ಕೊಮ್ಮೆ ಹತ್ತು ನಿಮಿಷ ಹಾಕ್ಬೇಕ್ರಿ. ಇಲ್ಲಂದ್ರ ಮತ್ತ ಒಣಗ್ತದ."

ನಮ್ಮ ಮನೆಯವರು ಗಾಬರಿಯಾದರು. "ವಾರಕ್ಕೊಮ್ಮೆ ಬೀಗರ್ನ ಎಲ್ಲಿಂದ ತರ್ಲೋ ಮಾರಾಯಾ?"

ಚೇಷ್ಟೆಗೆ ಅಂದದ್ದಲ್ಲ, ಖರೇನೇ ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಕೈಯಲ್ಲಿ ಹೊಲಿಗೆ ಮಷೀನಿನ ಎಣ್ಣೆ ಹಿಡಿದುಕೊಂಡು.

ಹೊರಡುವಾಗ ಮೆಕ್ಯಾನಿಕನನ್ನು ಕೇಳಿದೆ: "ನಿಮ್ಮ ಮನ್ಯಾಗ ಎಸಿ ಅದೇನ್ರಿ?"

"ಅದ ಅಂದ್ರ, ಫಸ್ಟ್ ಕ್ಲಾಸ್ ಅದರಿ ಅಕ್ಕಾರ" ಎಂದು ಎದೆಯುಬ್ಬಿಸಿದ. "ಮೆಹಮಾನ್ರು, ಬೀಗ್ರು ಬಂದಾಗ ಹಾಕ್ತೀವಿ."

ಗಂಡಸರ ಕುಲಕ್ಕೇ ಕೈ ಮುಗಿದು ಗಾಡಿ ಹತ್ತಿದೆ. ಆದರೂ ಒಳಗೊಳಗೆ ಖುಷಿಯಿತ್ತು. ವಾರಕ್ಕೆ ಹತ್ತು ನಿಮಿಷ! ಅದೂ ಮೆಕ್ಯಾನಿಕನ ಅಪ್ಪಣೆ, ನಮ್ಮ ಮನೆಯವರು ಮೀರುವಂತಿಲ್ಲ. ಹೆಂಡತಿಯ ಮಾತನ್ನು ಮೀರಿದರೂ ಯಂತ್ರದ ಮಾತನ್ನು ಅವರು ಜನ್ಮದಲ್ಲಿ ಮೀರಿದವರಲ್ಲ.

ಮೀರಲಿಲ್ಲ. ಗುರುವಾರ ಬೆಳಿಗ್ಗೆ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದಾಗ ಅಂಗಳದಲ್ಲಿ ಇಂಜಿನ್ ಚಾಲೂ ಆಯಿತು. ಕಿಟಕಿಯಿಂದ ಬಗ್ಗಿ ನೋಡಿದರೆ, ಇವರು ಗಾಜು ಏರಿಸಿಕೊಂಡು, ಒಳಗೆ ಒಬ್ಬರೇ ಕೂತು ಪೇಪರ್ ಓದುತ್ತಿದ್ದಾರೆ. ನಾನು ಡಬ್ಬಿ ಕಟ್ಟಿಕೊಂಡು, ಸೀರೆ ಉಟ್ಟು, ಬಂದು ಕೂತೆ. ಸೀಟಿನ ಪ್ಲಾಸ್ಟಿಕ್ಕಿನಲ್ಲಿ ಒಂಚೂರು ತಂಪು ಉಳಿದಿತ್ತು. ಇವರು ಎಸಿ ಆರಿಸಿ ನಾಲ್ಕೂ ಗಾಜು ಇಳಿಸಿದರು.

"ಈ ವಾರದ್ದು ಆತು" ಎಂದರು ಸಮಾಧಾನದಿಂದ.

"ಅಲ್ರೀ! ಆ ಹತ್ತು ನಿಮಿಷ ನಾ ಕುಂತಾಗ ಹಾಕಿದ್ರ ನಿಮ್ಮ ಕಂಪ್ರೆಸರಿಗೇನು ಮೈಲಿಗಿ ಆಗ್ತಿತ್ತೇನ್ರಿ?"

"ಓಡೂಮುಂದ ಹಾಕಿದ್ರ ಇಂಜಿನ್ ಮ್ಯಾಲ ಭಾರ ಬೀಳ್ತದ. ನಿಂತಲ್ಲಿ ಹಾಕಿದ್ರ ಎಣ್ಣಿ ಆರಾಮ ತಿರಗ್ತದ."

ಅವತ್ತು ನನಗೆ ಅಳು ಬಂತು. ಸಿಟ್ಟಿನ ಅಳು. ಬೆವರಿನಲ್ಲಿ ಕಣ್ಣೀರು ಕೂಡಿದ್ದರಿಂದ ಅವರಿಗೆ ಗೊತ್ತಾಗಲಿಲ್ಲ. ಗೊತ್ತಾಗಲು ಅವರು ನನ್ನ ಕಡೆ ನೋಡಲೂ ಇಲ್ಲ, ರಸ್ತೆ ನೋಡಿಕೊಂಡು ಗಾಡಿ ಹೊಡೆಯುತ್ತಿದ್ದರು. ಬೆರಳುದ್ದದ ಒಂದು ರಬ್ಬರು ಒಣಗಬಾರದೆಂದು ವಾರ ನೆನಪಿಟ್ಟು ಏಳುವ ಮನುಷ್ಯ, ಪಕ್ಕದಲ್ಲಿ ಕೂತ ಜೀವ ಬೇಯುತ್ತಿದೆ ಎಂದು ಒಮ್ಮೆಯೂ ತಿರುಗಿ ನೋಡುವುದಿಲ್ಲ. ಆ ದಿನ ನನ್ನ ಕ್ಲಾಸಿನಲ್ಲಿ ಒಂದು ಮಗುವೂ ಉಸಿರೆತ್ತಲಿಲ್ಲ.

ವಾಸ್ತುಶಾಂತಿಯ ಹಿಂದಿನ ದಿನ ಚಿಂಚೋಳಿಗೆ ಹೊರಟೆವು. ಹೋಗುವಾಗ ಗಾಜು ಇಳಿಸಿಯೇ ಹೋದೆವು, ಏಕೆಂದರೆ ಗಾಡಿಯಲ್ಲಿ ಮನುಷ್ಯರಾರೂ ಇರಲಿಲ್ಲ, ನಾವಿಬ್ಬರೇ. ಬೀಗರ ಮನೆಯಲ್ಲಿ ಮಜ್ಜಿಗೆ ಕುಡಿದು, ಮಾತಾಡಿ, ಅವರನ್ನು ಹತ್ತಿಸಿಕೊಂಡೆವು. ಮುಂದೆ ಗಂಡಸರಿಬ್ಬರು, ಹಿಂದೆ ಹೆಂಗಸರಿಬ್ಬರು. ಬಾಗಿಲು ಮುಚ್ಚಿದ ಕೂಡಲೇ ನಮ್ಮ ಮನೆಯವರು ಗುಂಡಿ ಒತ್ತಿದರು. ಟಕ್. ಆಹಾ, ಏನು ತಂಪು! ನಾನು ಕಣ್ಣು ಮುಚ್ಚಿಕೊಂಡೆ.

"ಭಾಳ ತಂಪದರಿ ನಿಮ್ಮ ಎಸಿ" ಎಂದರು ಬೀಗರು.

"ಸೀಲ್ ಹೊಸಾದು ಹಾಕ್ಸೀನ್ರಿ. ಎಣ್ಣಿ ಬರೋಬ್ಬರಿ ಅದ" ಎಂದರು ಇವರು, ಹಿಗ್ಗಿ.

ಬೀಗರು ಇಡೀ ಮೈ ತಿರುಗಿಸಿದರು. "ನಿಮ್ದೂ ಸೀಲ್ ಹೋಗಿತ್ತೇನ್ರಿ? ನಮ್ದೂ ಹೋಗಿತ್ತು, ಯುಗಾದಿ ಮುಂದ! ಹಾಕ್ಲಾರ್ದಕ್ಕ ಎಣ್ಣಿ ತಳಕ್ಕ ಕುಂತದಂತ. ಹ್ಯಾಂಗ ಹಾಕೋದ್ರಿ? ನೀವು ಬರೂದೇ ವರ್ಷಕ್ಕೊಮ್ಮೆ!"

"ತಪ್ಪಾತ್ರಿ ನಮ್ದು" ಎಂದರು ಇವರು ಮನಸಾರೆ.

ಆಮೇಲೆ ಆ ಇಬ್ಬರೂ ಜಾತ್ರೆಯಲ್ಲಿ ತಪ್ಪಿಸಿಕೊಂಡು ಈಗ ಸಿಕ್ಕ ಅಣ್ಣತಮ್ಮಂದಿರಂತೆ ಎಣ್ಣೆ, ಸೀಲು, ಗ್ಯಾಸು ಎಂದು ಮಾತಾಡಿದ್ದೇ ಮಾತಾಡಿದ್ದು. ಕೊನೆಗೆ ಒಂದು ಒಪ್ಪಂದವೂ ಆಯಿತು: ಇನ್ನು ಮುಂದೆ ಮೇಲಿಂದ ಮೇಲೆ ಹೋಗಿ ಬಂದು ಮಾಡುವುದು, ಅಂದರೆ ಎರಡೂ ಗಾಡಿಗಳ ಕಂಪ್ರೆಸರು ಆರಾಮ ಇರುತ್ತವೆ.

ಬೀಗಿತ್ತಿ ನನ್ನ ಕಿವಿಯ ಹತ್ತಿರ ಬಾಗಿದರು. "ಅಕ್ಕಾರ, ನಾ ಏನ್ ತಿಳಿದಿದ್ದೆ ಅಂದ್ರ, ನೀವು ದಿನಾ ಹಿಂಗ ತಂಪನ್ಯಾಗೇ ಸಾಲಿಗೆ ಹೋಗ್ತೀರಿ ಅಂತ. ಭಾಳ ಪುಣ್ಯ ಮಾಡೀರಿ ಅನ್ಕೊಂಡಿದ್ದೆ."

"ನಾ ನಿಮ್ಮನ್ನ ನೋಡಿ ಹಂಗೇ ಅನ್ಕೊಂಡಿದ್ದೆ."

"ಎಲ್ಲೀದ್ರಿ! ಮೈಯಾಗ ಉರಿ ಎದ್ದಾಗ ಬಚ್ಚಲಕ್ಕ ಹೋಗಿ ಮೈಮ್ಯಾಲ ಕೊಡ ಸುರ್ಕೋತೀನಿ. ಗಾಡ್ಯಾಗ ತಂಪು ಬೇಕಂದ್ರ ನೀವು ಬರ್ಬೇಕು, ಇಲ್ಲಾ ನಾ ನಿಮ್ಮ ಗಾಡಿ ಹತ್ಬೇಕು."

ನನಗೆ ನಗು ತಡೆಯಲಾಗಲಿಲ್ಲ, ಅವರಿಗೂ. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಏನಾಯಿತೆಂದು ಮುಂದಿನವರು ಕೇಳಿದರು. ಏನಿಲ್ಲ, ಭಾಳ ತಂಪಾಗಲಿಕ್ಕತ್ತದ ಎಂದರು ಬೀಗಿತ್ತಿ. ಊರು ಬರುವ ತನಕ ಅವರು ನನ್ನ ಕೈ ಹಿಡಿದುಕೊಂಡೇ ಇದ್ದರು.

ವಾಸ್ತುಶಾಂತಿ ಚೆನ್ನಾಗಿ ಆಯಿತು. ಬೀಗರ ತಾಟು, ಚಾದರ ಎಲ್ಲ ಹೊರಗೆ ಬಂದು ಒಳಗೆ ಹೋದವು. ಮರುದಿನ ಮಧ್ಯಾಹ್ನ ಅವರನ್ನು ಅದೇ ತಂಪಿನಲ್ಲಿ ಚಿಂಚೋಳಿಗೆ ಬಿಟ್ಟೆವು. ಅವರು ಇಳಿದು, ಗೇಟು ಹಾಕಿಕೊಂಡು, ಒಳಗೆ ಹೋದದ್ದೇ ತಡ, ನಮ್ಮ ಮನೆಯವರ ಬೆರಳು ಗುಂ​ಡಿಗೆ ಹೋಯಿತು. ತಂಪು ನಿಂತಿತು. ಕೈ ಚಾಚಿ ಮುಂದಿನ ಬಾಗಿಲು ತೆರೆದು, "ಬಾ, ಮುಂದ ಬಾ" ಎಂದರು.

ನಾನು ಏಳಲಿಲ್ಲ. "ಎಸಿ ಹಾಕ್ರಿ" ಎಂದೆ.

"ಈಗೆದಕ?"

"ಗಾಡ್ಯಾಗ ಬೀಗಿತ್ತಿ ಕುಂತಾಳ."

ಅವರು ಗೇಟಿನ ಕಡೆ ನೋಡಿದರು, ಹಿಂದಿನ ಸೀಟಿನ ಕಡೆ ನೋಡಿದರು. "ಅವರು ಒಳಗ ಹೋದ್ರಲ್ಲ!"

"ಅವರು ನಮಗ ಬೀಗರು. ಅವರಿಗೆ ಯಾರು? ನಾ ಅಲ್ಲೇನು? ಅವರ ಗಾಡ್ಯಾಗ ಕುಂತ್ರ ನನಗ ಎಸಿ ಹಾಕ್ತಾರ. ಅವರ ಬೀಗಿತ್ತಿನ ನೀವು ಧಗ್ಯಾಗ ಕರ್ಕೊಂಡು ಹೋದ್ರಿ ಅಂತ ಗೊತ್ತಾದ್ರ, ನಾಳಿ ಮಾರಿ ಎಲ್ಲಿ ಇಡ್ತೀರಿ?"

ಅವರು ಯೋಚಿಸಿದರು. ಲ್ಯಾಬಿನ ಮನುಷ್ಯ, ನನ್ನ ಮಾತನ್ನು ಎತ್ತಿ ನೋಡಿದರು, ತಿರುವಿ ನೋಡಿದರು, ಎಲ್ಲೂ ತಪ್ಪು ಸಿಗಲಿಲ್ಲ. ಮುಂದಿನ ಬಾಗಿಲು ಎಳೆದುಕೊಂಡು ಗುಂಡಿ ಒತ್ತಿದರು. ಟಕ್ ಎಂದಿತು.

ಗೆದ್ದೆ. ಆದರೆ ಏನು ಗೆದ್ದೆ? ಹಾಕಿದ್ದು ಚಿಂಚೋಳಿಯವರ ಬೀಗಿತ್ತಿಗೆ, ತಮ್ಮ ಹೆಂಡತಿಗಲ್ಲ. ಸುಲೇಪೇಟೆ ದಾಟುವ ಹೊತ್ತಿಗೆ ಒಳಗಿನ ಒಲೆ ಹೊತ್ತಿತು, ಎಸಿಯನ್ನೂ ಲೆಕ್ಕಕ್ಕಿಡದೆ. ನಾನು ಬಾಯಿ ಬಿಡಲಿಲ್ಲ. ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ತಲೆಯೆತ್ತಿದರೆ, ಮುಂದಿನ ಕನ್ನಡಿಯಲ್ಲಿ ಅವರ ಕಣ್ಣು ನನ್ನ ಮುಖದ ಮೇಲಿತ್ತು. ಪಕ್ಕದಲ್ಲಿ ಕೂತಷ್ಟು ದಿನ ಅವರಿಗೆ ರಸ್ತೆ ಕಾಣುತ್ತಿತ್ತು. ಹಿಂದೆ ಕೂತಾಗ ನಾನು ಕಂಡಿದ್ದೆ.

"ಅಯ್ಯ, ಇಷ್ಟು ಕೆಂಪಾಗ್ತದೇನು?" ಎಂದರು, ಸಣ್ಣ ದನಿಯಲ್ಲಿ. "ದಿನಾ ಹಿಂಗೇ ಆಗ್ತದೇನು?"

"ದಿನಾ ಆಗ್ತದ."

ಅವರ ಕೈ ತಾನಾಗಿ ಹೋಯಿತು. ತಂಪು ಹೆಚ್ಚಿಸುವ ತಿರುಗಣೆಯನ್ನು ಕೊನೆಯ ತನಕ ತಿರುಗಿಸಿತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ, ಏಕೆಂದರೆ ಮತ್ತೆ ಕಣ್ಣಲ್ಲಿ ನೀರು ಬಂದಿತ್ತು, ಈ ಸಲ ಅದು ಕನ್ನಡಿಯಲ್ಲಿ ಕಾಣುತ್ತಿತ್ತು.

ಸೇಡಂ ಮುಟ್ಟುವ ತನಕ ಅವರು ಅದನ್ನು ಆರಿಸಲಿಲ್ಲ. ಅಂಗಳದಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, "ಈ ವಾರದ ಹತ್ತು ನಿಮಿಷ ಇದರಾಗೇ ಹಿಡೀಲೇನು?" ಎಂದು ಕೇಳಿದರು.

"ಹಿಡೀರಿ" ಎಂದೆ.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಟಾಗ ಅವರು ಎಂದಿನಂತೆ ಮುಂದಿನ ಬಾಗಿಲು ತೆರೆದರು. ನಾನು ಹಿಂದಿನ ಬಾಗಿಲು ತೆರೆದು, ಬೀಗರ ಜಾಗದಲ್ಲಿ ಕೂತೆ. ಅವರು ಕೆಮ್ಮಿದರು. ಆಮೇಲೆ ಕೈಯೆತ್ತಿ, ನನ್ನ ಮುಖ ಬರುವ ಹಾಗೆ ಕನ್ನಡಿಯನ್ನು ಸರಿ ಮಾಡಿಕೊಂಡರು.